ಭಾವನ ಉರುಳೆ, ಅಕ್ಕನ ರೇಷ್ಮೆ

ನಮ್ಮ ಭಾವ ಬರಿಗೈಯಲ್ಲಿ ಬೀದಿಗೆ ಹೊರಟಾಗಲೂ ಬಲಹೆಗಲ ಮೇಲೆ ಹನ್ನೆರಡು ಅಡಿಯ ಹಲಗೆಯೊಂದನ್ನು ಹೊತ್ತವರ ಹಾಗೆಯೇ ನಡೆಯುತ್ತಾರೆ. ತಲೆ ಒಂದಿಷ್ಟು ಎಡಕ್ಕೆ ವಾಲಿರುತ್ತದೆ. ಬಲಗೈ ಇಲ್ಲದ ಹಲಗೆಯ ಸಮತೋಲ ಕಾಯುತ್ತ ಎದೆಯ ಮಟ್ಟಕ್ಕೆ ಎದ್ದು ನಿಂತಿರುತ್ತದೆ. ತಿರುವು ಬಂದಾಗ ಎಲ್ಲರಂತೆ ಮೂಲೆ ಹಿಡಿದು ಸರಕ್ಕನೆ ಹೊರಳದೆ, ಹಿಂದಿನ ತುದಿ ಯಾರ ಕಿಟಕಿಗೂ ತಾಗದಿರಲೆಂದು ರಸ್ತೆಯ ನಡುವಿನವರೆಗೂ ಹೋಗಿ, ಅರ್ಧಚಂದ್ರಾಕಾರವಾಗಿ ಬಳಸಿ ಆಚೆ ಬದಿಯನ್ನು ಸೇರುತ್ತಾರೆ. ಹೊಸಬರು ನಗುತ್ತಾರೆ. ಹಳಬರು ದಾರಿ ಬಿಡುತ್ತಾರೆ. ಅವರ ಕಾರ್ಯಾಗಾರದ ಎದುರಿಗೆ ಅಂಗಡಿ ಇಟ್ಟಿರುವ ದರ್ಜಿಯಂತೂ ಒಮ್ಮೆ ಭಾವ ತಿರುಗುವುದನ್ನು ಕಂಡು ಥಟ್ಟನೆ ತಲೆ ಬಗ್ಗಿಸಿಬಿಟ್ಟ. ಯಾಕಯ್ಯಾ ಎಂದು ನಾನು ಕೇಳಿದರೆ, "ಅಭ್ಯಾಸ ಸ್ವಾಮಿ, ಒಂದ್ಸಲ ನಿಜವಾದ್ದೇ ತಾಗಿತ್ತು" ಎಂದು ನೆತ್ತಿ ಸವರಿಕೊಂಡ.

ಭಾವ ಬಡಗಿ. ನನ್ನ ಅಕ್ಕನ ಗಂಡ ಎಂಬುದು ಅವರ ಎರಡನೆಯ ಉದ್ಯೋಗ ಎಂದು ನಾನು ಅಕ್ಕನನ್ನು ಕಾಡಿಸುವುದುಂಟು. ಬೇಸಗೆಯಿರಲಿ ಚಳಿಯಿರಲಿ, ಅವರ ಮೈಮೇಲೆ ಕಂದು ಬಣ್ಣದ ಒಂದು ಹಳೆಯ ಕೋಟು ಇದ್ದೇ ಇರುತ್ತದೆ. ಅದಕ್ಕೆ ಹನ್ನೊಂದು ಜೇಬುಗಳು, ಅವುಗಳಲ್ಲಿ ಏಳನ್ನು ಅವರೇ ಹೇಳಿ ಹೊಲಿಸಿಕೊಂಡದ್ದು, ಆದರೂ ಬೇಕಾದಾಗ ಸೀಸದ ಕಡ್ಡಿ ಒಂದರಲ್ಲೂ ಸಿಗುವುದಿಲ್ಲ. ಹನ್ನೊಂದು ಜೇಬುಗಳನ್ನೂ ತಡಕಿದ ಮೇಲೆ ಅಕ್ಕ ಸುಮ್ಮನೆ ಬಂದು ಅವರ ಕಿವಿಯ ಮೇಲಿನಿಂದ ಅದನ್ನು ತೆಗೆದು ಕೈಗೆ ಕೊಡುತ್ತಾಳೆ. ಇನ್ನು ಅವರ ಮಾತು. ಇಂಚಿನ ಒಂದು ಸಣ್ಣ ಪಾಲಿಗೆ ಬಡಗಿಗಳು ನೂಲು ಎನ್ನುತ್ತಾರಷ್ಟೆ; ಭಾವನಿಗೆ ಜಗತ್ತಿನ ಸಕಲ ಪದಾರ್ಥಗಳಿಗೂ ಅದೇ ಅಳತೆ. ಊಟಕ್ಕೆ ಎಷ್ಟು ಹೊತ್ತು ಎಂದರೆ "ಒಂದು ನೂಲು ಅಷ್ಟೇ", ಜ್ವರ ಹೇಗಿದೆ ಎಂದರೆ "ಎರಡು ನೂಲು ಕಮ್ಮಿ", ನಾನು ಮೆಚ್ಚಿ ಓದಿ ಹೇಳಿದ ಕವಿತೆ ಹೇಗಿತ್ತು ಎಂದರೆ, ಬಹಳ ಯೋಚಿಸಿ, "ಕೊನೇಲಿ ಒಂದು ನೂಲು ಜಾಸ್ತಿ ಆಯ್ತು". ಆಮೇಲೆ ಓದಿ ನೋಡಿದರೆ ಅವರ ಮಾತು ನಿಜವೇ ಆಗಿತ್ತು.

ಕತ್ತರಿಸಿ ಉಳಿದ ಮರದ ಚೂರನ್ನು ಎಸೆಯುವುದಿಲ್ಲ ಎಂಬುದು ಅವರ ಹಟಗಳಲ್ಲೆಲ್ಲ ದೊಡ್ಡ ಹಟ. ಕಾರ್ಯಾಗಾರದ ಮೂರು ಗೋಡೆಗಳ ತುಂಬ ಅಟ್ಟಗಳು, ಅಟ್ಟಗಳ ತುಂಬ ಅಂಗೈಯಗಲದ ತುಂಡುಗಳು, ಒಂದೊಂದರ ಬೆನ್ನಿಗೂ ಸೀಸದ ಕಡ್ಡಿಯಲ್ಲಿ ಬರೆದ ಅದರ ಕುಲಗೋತ್ರ: ವೈದ್ಯರ ಮನೆಯ ತೊಟ್ಟಿಲು, ಶಾಲೆಯ ಬೆಂಚು, ಸಂಗೀತದ ಮೇಷ್ಟರ ಪೆಟ್ಟಿಗೆ, ಜಗಳವಾಡಿದ ಅಣ್ಣತಮ್ಮಂದಿರ ಎರಡು ಬಾಗಿಲು. ಒಲೆಗಾದರೂ ಹಾಕಿ ಎಂದು ಅಕ್ಕ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. "ತೊಟ್ಟಿಲನ್ನ ಒಲೆಗೆ ಹಾಕ್ತಾರೇನೇ?" ಎಂದು ಭಾವ ಮೂವತ್ತು ವರ್ಷದಿಂದ ಕೇಳುತ್ತಿದ್ದಾರೆ.

ಅಷ್ಟು ಕುಶಲನಾದ ಮನುಷ್ಯನಿಗೆ ಒಂದು ಕೆಲಸ ಮಾತ್ರ ಒಲಿಯಲಿಲ್ಲ. ಮರವನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪುಗೊಳಿಸುವುದು. ಸಂದಿಗೆ ಸಂದು ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಅವರು ಕೂಡಿಸಿದ ಎರಡು ಹಲಗೆಗಳ ನಡುವೆ ಗಾಳಿ ಕೂಡ ಅನುಮತಿ ಕೇಳಿ ನುಗ್ಗಬೇಕು. ಆದರೆ ಉಜ್ಜುವುದಕ್ಕೆ ಬೇಕಾದದ್ದು ತಾಳ್ಮೆ. ನಾಲ್ಕು ಸಲ ಎಳೆದರೆ ಭಾವನ ಮನಸ್ಸು ಆಗಲೇ ಮುಂದಿನ ಕುರ್ಚಿಯ ಕಾಲಿಗೆ ಹಾರಿರುತ್ತದೆ. ಹೀಗಾಗಿ ಮದುವೆಯಾದ ಮೂರನೆಯ ತಿಂಗಳಿನಿಂದ ಆ ಕೆಲಸ ಅಕ್ಕನದು. ಅವಳು ಕಣ್ಣು ಮುಚ್ಚಿ ಉಜ್ಜುತ್ತಾಳೆ. ಕಣ್ಣಿಗೆ ಕಾಣುವ ನುಣುಪು ನಂಬಿಕೆಗೆ ಅನರ್ಹ ಎಂಬುದು ಅವಳ ಸಿದ್ಧಾಂತ. ಮುಗಿದ ಮೇಲೆ ತಗಡಿನ ಡಬ್ಬಿಯಿಂದ ಒಂದು ಗೇಣುದ್ದದ ರೇಷ್ಮೆಯ ತುಣುಕನ್ನು ತೆಗೆದು ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಮೆಲ್ಲನೆ ಎಳೆಯುತ್ತಾಳೆ. ಎಲ್ಲಿಯಾದರೂ ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಆ ಹಲಗೆ ನಪಾಸು. ಭಾವ ತಮ್ಮ ಕೈಯಾರೆ ಉಜ್ಜಿದ ಹಲಗೆಗಳನ್ನು ಆಗಾಗ ಕಳ್ಳತನದಿಂದ ಅವಳ ರಾಶಿಯೊಳಗೆ ಸೇರಿಸಿ ನೋಡುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ತೇರ್ಗಡೆಯಾಗಲಿಲ್ಲ.

ಹೋದ ವರ್ಷ ಅಕ್ಕನ ಮಣಿಕಟ್ಟು ಮಾತು ಕೇಳುವುದನ್ನು ನಿಲ್ಲಿಸಿತು. ಬೆಳಗ್ಗೆ ಎದ್ದರೆ ಬಲಗೈ ಮುಷ್ಟಿ ಮುಚ್ಚುತ್ತಿರಲಿಲ್ಲ. ಕಾಫಿಯ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಎತ್ತುವಳು. ಇನ್ನೊಂದು ವರ್ಷ ಹೀಗೇ ಉಜ್ಜಿದರೆ ಈ ಕೈ ಮುಷ್ಟಿ ಕಟ್ಟುವುದನ್ನೇ ಮರೆಯುತ್ತದೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಅದೇ ವಾರ ಗ್ರಂಥಾಲಯದವರ ಓದುವ ಮೇಜುಗಳ ಕೆಲಸ ಬಂದಿತ್ತು. ಆರು ಮೇಜು, ಒಂದೊಂದರ ಮೇಲೂ ಸಾವಿರಾರು ಜನರ ಮೊಣಕೈಗಳು ಊರಬೇಕಾದ ಅಗಲ ಹಲಗೆಗಳು. ಬೇರೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದರೆ ಅಕ್ಕ ಒಪ್ಪಲಿಲ್ಲ. "ನನ್ನ ಕೈ ಮುಟ್ಟದ ಹಲಗೆ ಒಂದು, ಒಂದೇ ಒಂದು, ರೇಷ್ಮೆ ದಾಟಲಿ. ಅವತ್ತಿಗೆ ಉಪ್ಪುಕಾಗದ ಕೆಳಗಿಡ್ತೀನಿ. ಅಲ್ಲೀತನಕ ನನ್ನ ತಡೀಬೇಡಿ" ಎಂದಳು. ಹಟದಲ್ಲಿ ಅವಳೇನು ಭಾವನಿಗೆ ಕಡಮೆಯಲ್ಲ. ನಮ್ಮ ಮನೆತನದ್ದೇ ರಕ್ತವಲ್ಲವೆ.

ಆ ದಿನ ಭಾವ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಕೈ ತೊಳೆದು ಬಂದವರೇ ಕಾರ್ಯಾಗಾರದ ಗೋಡೆಯ ಮೇಲೆ ಒಂದು ಉರುಳೆಯ ಚಿತ್ರ ಬರೆದರು. ಮೇಲೆ ಗಿರಗಿರನೆ ತಿರುಗುವ ಉರುಳೆ, ಅದರ ಮೈಗೆ ಗಾಯದ ಪಟ್ಟಿಯಂತೆ ಓರೆಯಾಗಿ ಸುತ್ತಿದ ಉಪ್ಪುಕಾಗದ, ಕೆಳಗೆ ತಿರುಪಿನಿಂದ ಏರಿಳಿಯುವ ಒಂದು ಮಣೆ. ಈ ಕಡೆಯಿಂದ ಒರಟು ಹಲಗೆ ತಳ್ಳಿದರೆ ಆ ಕಡೆಯಿಂದ ನುಣುಪಾದದ್ದು ಹೊರಬರಬೇಕು. ಇಂಥ ಯಂತ್ರ ಅಂಗಡಿಯಲ್ಲೇ ಸಿಗುತ್ತದಲ್ಲ ಭಾವ ಎಂದು ನಾನೆಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಂಗಡಿಯಿಂದ ತಂದದ್ದು ಅವಳ ಪರೀಕ್ಷೆ ಪಾಸಾದ್ರೆ ಅದು ಅಂಗಡಿಯವನ ಪಾಸು ಕಣಪ್ಪಾ. ನಾನು ಇನ್ನೂ ಫೇಲೇ."

ಉರುಳೆಗೆ ಬೇಕಾದದ್ದು ಇಂಚು ದಪ್ಪದ ಇಪ್ಪತ್ತನಾಲ್ಕು ದುಂಡು ಬಿಲ್ಲೆಗಳು. ಒಂದೇ ಮರವನ್ನು ತಂದು ಒಂದೇ ದಿನ ಕೊರೆದು ಹಾಕಬಹುದಿತ್ತು. ಯಾವ ಬಡಗಿಯೂ ಹಾಗೆಯೇ ಮಾಡುತ್ತಿದ್ದ. ನಮ್ಮ ಭಾವನಿಗೆ ಮಾತ್ರ ಅಟ್ಟದ ಮೇಲಿನ ಸಂಸಾರ ನೆನಪಾಯಿತು. ಅಕ್ಕ ಉಜ್ಜಿದ ಮೂವತ್ತು ವರ್ಷಗಳ ಕೆಲಸದಿಂದ ಒಂದೊಂದು ಚೂರನ್ನು ಆರಿಸಿ, ತೊಟ್ಟಿಲಿನದೊಂದು ಬಿಲ್ಲೆ, ಬೆಂಚಿನದೊಂದು, ಪೆಟ್ಟಿಗೆಯದೊಂದು, ಅಣ್ಣತಮ್ಮಂದಿರ ಬಾಗಿಲುಗಳ ಎರಡನ್ನೂ ಮಗ್ಗುಲು ಮಗ್ಗುಲಿಗೆ ಬರುವಂತೆ ಜೋಡಿಸಿ, ಉಕ್ಕಿನ ಸರಳಿಗೆ ಪೋಣಿಸಿ ಅಂಟು ಹಾಕಿ ಬಿಗಿದರು. ಯಾವ ಬಿಲ್ಲೆ ಎಲ್ಲಿಯದೆಂಬುದನ್ನು ಎಡದಿಂದ ಬಲಕ್ಕೆ ಗೋಡೆಯ ಮೇಲೆ ಬರೆದಿಟ್ಟರು. ಜೀವಮಾನದಲ್ಲೇ ಮೊದಲ ಸಲ ಅಷ್ಟು ಚೂರುಗಳು ಅಟ್ಟದಿಂದ ಇಳಿದದ್ದನ್ನು ಕಂಡು ಅಕ್ಕ ಒಂದು ಬಟ್ಟೆ ತಂದಳು. ಖಾಲಿಯಾದ ಜಾಗದ ಧೂಳು ಒರೆಸಿದಳು. ಆಗಾಗ ಬಾಗಿಲಲ್ಲಿ ನಿಂತು ನೋಡಿ, ಮೂಗು ಮುರಿದು, ಮತ್ತೆ ತನ್ನ ಉಜ್ಜುವ ಕೆಲಸಕ್ಕೆ ಹೋಗುವಳು. ಆರು ಮೇಜುಗಳಲ್ಲಿ ಒಂದನ್ನು ಆಗಲೇ ಮುಗಿಸಿದ್ದಳು, ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಂಡು.

ಮುಚ್ಚಿಹೋದ ಹಿಟ್ಟಿನ ಗಿರಣಿಯೊಂದರಿಂದ ಮೋಟಾರೂ ಅದರ ಬೆಲ್ಟೂ ಬಂದವು. ಒಂದು ಭಾನುವಾರ ಮುಂಜಾನೆ ಉದ್ಘಾಟನೆ. ಭಾವ ಕೋಟಿನ ಹನ್ನೊಂದು ಗುಂಡಿಗಳನ್ನೂ ಹಾಕಿಕೊಂಡಿದ್ದರು. ಜೇಬಿಗೊಂದು ಗುಂಡಿ, ಅಂಗಾಂಗಕ್ಕೆ ರಕ್ಷಣೆ. ದರ್ಜಿ ತನ್ನ ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಸ್ವಿಚ್ಚು ಒತ್ತಿದ ಕೂಡಲೇ ಆ ಮೋಟಾರು, ತಾನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಹಿಟ್ಟನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಊದಿತು. ಬಿಳಿಯ ಮೋಡ ಕವಿದು, ಕರಗಿ, ಮನುಷ್ಯರು ಮತ್ತೆ ಕಾಣುವಂತಾದಾಗ ಭಾವನ ಹುಬ್ಬು, ಮೀಸೆ, ಕೋಟು ಎಲ್ಲ ಅಚ್ಚಬಿಳಿ. ಅವರು ಅಳುಕಲಿಲ್ಲ. ಎರಡಡಿಯ ಒಂದು ಹಲಗೆಯನ್ನು ಉರುಳೆಯ ಕೆಳಗೆ ಒಯ್ಯುವುದೇ ತಡ, ಉರುಳೆ ಅದನ್ನು ಕೈಯಿಂದ ಕಸಿದುಕೊಂಡು ಆ ಕಡೆಯಿಂದ ಬಾಣದಂತೆ ಬಿಟ್ಟಿತು. ಹಲಗೆ ತೆರೆದ ಬಾಗಿಲಿನಿಂದ ಹಾರಿ, ಇಕ್ಕಟ್ಟಿನ ಬೀದಿಯನ್ನು ದಾಟಿ, ಕೋಟು ಹಾಕಿಕೊಂಡು ಸುಮ್ಮನೆ ನಿಂತಿದ್ದ ದರ್ಜಿಯ ಗೊಂಬೆಯನ್ನು ಅಂಗಾತ ಕೆಡವಿತು.

"ಗುರುವೇ," ಎಂದ ದರ್ಜಿ, ಕುರ್ಚಿಯಿಂದ ಏಳದೆ, "ನಾನು ಹಲಗೆ ಬೇಕು ಅಂತ ಕೇಳಿರಲಿಲ್ಲವಲ್ಲ!"

ಅಕ್ಕ ಅಷ್ಟು ನಕ್ಕದ್ದನ್ನು ನಾನು ಅವಳ ಮದುವೆಗೆ ಮುಂಚೆ ಕಂಡಿದ್ದೆ, ಆಮೇಲೆ ಅವತ್ತೇ. ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕಳು. ಭಾವ ಬಿಳಿಯ ಮೀಸೆಯೊಳಗಿಂದ ಗಂಭೀರವಾಗಿ, "ತಿರುಗೋ ದಿಕ್ಕು ಒಂದು ನೂಲು ತಪ್ಪಿದೆ ಅಷ್ಟೇ" ಎಂದರು. ಉರುಳೆ ತಿರುಗಬೇಕಾದದ್ದು ಹಲಗೆಗೆ ಎದುರಾಗಿ. ಅದು ತಿರುಗಿದ್ದು ಹಲಗೆ ಹೋಗುವ ದಿಕ್ಕಿಗೇ. ಮೋಟಾರನ್ನು ಹಿಂದುಮುಂದಾಗಿ ಕೂರಿಸಿದ ಮೇಲೆ ಅದು ಮರ್ಯಾದೆ ಕಲಿತುಕೊಂಡಿತು.

ಆದರೆ ನಿಜವಾದ ಪರೀಕ್ಷೆಗೆ ಮುಂಚೆ ಒಂದು ವಾರ ಜಡಿಮಳೆ ಹಿಡಿಯಿತು. ಎಂಟನೆಯ ದಿನ ಮಳೆ ನಿಂತಾಗ ಭಾವ ಗ್ರಂಥಾಲಯದ ಮೇಜಿನ ಹಲಗೆಯೊಂದನ್ನು ಯಂತ್ರದಿಂದ ದಾಟಿಸಿ, ಬಟ್ಟೆಯಿಂದ ಹುಡಿ ಒರೆಸಿ, ಮದುಮಗಳ ಕಡೆಯವರಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನೋಡಲು ಕನ್ನಡಿಯಂತಿತ್ತು. ಅಕ್ಕ ರೇಷ್ಮೆಯನ್ನು ಹೊರಗೆ ತೆಗೆಯಲೇ ಇಲ್ಲ. ಕಣ್ಣು ಮುಚ್ಚಿ ಅಂಗೈಯನ್ನು ಅಡ್ಡಡ್ಡಲಾಗಿ ಒಮ್ಮೆ ಸವರಿದಳು, ಇನ್ನೊಮ್ಮೆ ಸವರಿದಳು. "ಇಲ್ಲಿ ತಗ್ಗು. ಇಲ್ಲೊಂದು. ಈ ಕಡೆ ಇನ್ನೊಂದು. ಎಡಗಡೆಯಿಂದ ನಾಲ್ಕನೇ ಬಿಲ್ಲೆ, ಹನ್ನೊಂದನೇದು, ಹದಿನೇಳನೇದು ಊದಿಕೊಂಡಿವೆ, ನೋಡ್ಕೊಳ್ಳಿ."

ಭಾವ ಗೋಡೆಯ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದರು. ನಾಲ್ಕು, ಶಾಲೆಯ ಬೆಂಚು. ಹನ್ನೊಂದು, ಸಂಗೀತದ ಮೇಷ್ಟರ ಪೆಟ್ಟಿಗೆ. ಹದಿನೇಳು, ಯಾರದೋ ಅಡುಗೆಮನೆಯ ಮಣೆ. ಮೂರೂ ಮಾವು. ಉಳಿದವೆಲ್ಲ ತೇಗವೋ ಇನ್ನಾವುದೋ ಗಟ್ಟಿ ಜಾತಿಯೋ ಆಗಿ ಮಳೆಗೆ ಜಗ್ಗದೆ ಕೂತಿದ್ದರೆ, ಈ ಮೂರು ನೀರಿನ ಹವೆ ಕುಡಿದು ಉಬ್ಬಿ, ತಾವಿದ್ದಲ್ಲೆಲ್ಲ ಹಲಗೆಯನ್ನು ಹೆಚ್ಚಾಗಿ ಕೆರೆದಿದ್ದವು. ಬೇರೆ ಬೇರೆ ಮರ ಬೇರೆ ಬೇರೆಯಾಗಿ ಹಿಗ್ಗುತ್ತದೆ ಎಂಬುದನ್ನು ನನ್ನಂಥ ಪೆದ್ದನಿಗೂ ಹತ್ತಾರು ಸಲ ಬೋಧಿಸಿದ್ದವರು ಅವರೇ. ನೆನಪುಗಳನ್ನು ಆರಿಸುವ ಉಮೇದಿನಲ್ಲಿ ಮರವನ್ನು ನೋಡುವುದನ್ನೇ ಮರೆತಿದ್ದರು.

ಅವರ ಬಲಗೈ ಎದೆಯ ಮಟ್ಟದಿಂದ ಕೆಳಗಿಳಿದದ್ದನ್ನು ನಾನು ನೋಡಿದ್ದು ಆ ಒಂದು ಸಲವೇ. ಹಲಗೆಯಿಟ್ಟು ಕೊಯ್ಯುವ ಮರದ ಕುದುರೆಯ ಮೇಲೆ ಕುಸಿದು ಕೂತರು. ಅಕ್ಕ ಮೂಲೆಗೆ ಹೋಗಿ, ಬಟ್ಟೆ ಕಟ್ಟಿದ ಕೈಯಿಂದಲೇ, ತನ್ನ ಉಪ್ಪುಕಾಗದದ ಸುರುಳಿಯನ್ನು ಎತ್ತಿಕೊಂಡಳು. ಅವಳು ಉಳಿದ ಐದು ಮೇಜುಗಳನ್ನೂ ಉಜ್ಜಲು ಹೊರಟಳೆಂದು ನನಗನ್ನಿಸಿತು. ಭಾವನಿಗೂ ಅನ್ನಿಸಿರಬೇಕು, ಏಕೆಂದರೆ ಅವರು ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಆ ಕೈಯನ್ನು ಕಾಪಾಡಲು ಇಡೀ ಮನೆಗೆ ಇದ್ದದ್ದು ಅದೊಂದೇ ಯಂತ್ರ.

"ಬೇಡ ಕಣೇ," ಎಂದರು ಭಾವ, ಗೋಡೆಯನ್ನು ನೋಡುತ್ತಲೇ. "ಸ್ವಲ್ಪ ಕಾಲ ಕೊಡು. ಕೈ ಮುಟ್ಟಬೇಡ."

"ಮೇಜು ಯಾರು ಮುಟ್ತಾರೆ ಈಗ?" ಎಂದಳು ಅಕ್ಕ. "ಎಲ್ಲರನ್ನೂ ಉಜ್ಜೋನನ್ನ ಮೊದಲು ಯಾರಾದ್ರೂ ಉಜ್ಜಬೇಕಲ್ವಾ? ಏಳಿ, ಒಂದು ನೆಟ್ಟಗಿರೋ ಹಲಗೆ ಕೊಡಿ. ಅಂಟೂ ಕೊಡಿ."

ಅವಳು ಹೇಳಿದ್ದು ಇಷ್ಟು. ಉರುಳೆಯ ಮೈಮೇಲಿನ ಕಾಗದ ಬಿಚ್ಚಬೇಕು. ಉಪ್ಪುಕಾಗದವನ್ನು ಹಲಗೆಗೆ ಅಂಟಿಸಿ ಮಣೆಯ ಮೇಲಿಡಬೇಕು. ಉರುಳೆ ಬರಿಮೈಯಲ್ಲಿ ತಿರುಗುತ್ತಿರುವಾಗ ಮಣೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆತ್ತಬೇಕು. ಆಗ ಉಬ್ಬಿದ್ದೇ ಮೊದಲು ತಾಗುತ್ತದೆ, ತಾಗಿದ್ದೇ ಸವೆಯುತ್ತದೆ, ಇಪ್ಪತ್ತನಾಲ್ಕೂ ಒಂದೇ ಮಟ್ಟಕ್ಕೆ ಬರುತ್ತವೆ. ಭಾವ ಬಾಯಿ ತೆರೆದು ಕೇಳುತ್ತಿದ್ದರು. "ಅಯ್ಯೋ, ಒಣಗಿದ ಮೇಲೆ ಮಾಡಬೇಕು ಅದನ್ನ. ಆದರೆ ಮುಂದಿನ ಮಳೆಗೆ ಮತ್ತೆ ಊದುತ್ತಲ್ಲೇ?" ಎಂದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಒಂದು ಬಾಗಿಲನ್ನಾದ್ರೂ ವಾರ್ನಿಷ್ ಹಚ್ಚದೆ ಯಾರ ಮನೆಗಾದ್ರೂ ಕಳಿಸಿದ್ದೀರಾ?"

"ಇಲ್ಲ."

"ಒಂದು ಮಣೆ?"

"ಛೆ, ಇಲ್ಲಪ್ಪ. ಬರಿ ಮರಕ್ಕೆ ಹವೆ ಸೋಕಬಾರದು."

"ಮತ್ತೆ ಇದಕ್ಕೆ?"

ಭಾವ ಹಣೆ ಚಚ್ಚಿಕೊಂಡ ಸದ್ದಿಗೆ ಎದುರಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಇಣುಕಿದ. ದೀಪದ ಬುಡದಲ್ಲೇ ಕತ್ತಲೆ. ಬಂದವರಿಗೆಲ್ಲ ಮೂವತ್ತು ವರ್ಷ ವಾರ್ನಿಷಿನ ಮಹಿಮೆ ಹೇಳಿದ ಮನುಷ್ಯ, ತನ್ನ ಉರುಳೆಯನ್ನು ಬತ್ತಲೆ ಬಿಟ್ಟಿದ್ದ. ಮರುಕ್ಷಣ ಅವರು ಎದ್ದಿದ್ದರು, ಬಲಗೈ ತನ್ನ ಹಳೆಯ ಎತ್ತರಕ್ಕೆ ಏರಿತ್ತು, ಹನ್ನೊಂದು ಜೇಬುಗಳಲ್ಲಿ ಸೀಸದ ಕಡ್ಡಿಯ ಹುಡುಕಾಟ ಆಗಲೇ ಶುರುವಾಗಿತ್ತು.

ಬಿಸಿಲಿಗೆ ಒಣಗಿಸಿದ್ದಾಯಿತು. ಅಕ್ಕ ಹೇಳಿದಂತೆ ಉರುಳೆಯನ್ನೇ ಉಜ್ಜಿದ್ದಾಯಿತು. ಮೊದಲು ಮೂರು ಬಿಲ್ಲೆಗಳು ಮಾತ್ರ ಕೊಂಯ್ ಎಂದವು, ಆಮೇಲೆ ಆರು, ಆಮೇಲೆ ಇಪ್ಪತ್ತನಾಲ್ಕೂ ಒಂದೇ ಶ್ರುತಿಗೆ ಬಂದವು. ಭಾವ ಮಣೆಯ ತಿರುಪು ಹಿಡಿದಿದ್ದರು, ಅಕ್ಕ ಕಣ್ಣು ಮುಚ್ಚಿ ಸದ್ದು ಕೇಳುತ್ತ "ಇನ್ನೊಂಚೂರು, ಹಾಂ, ಸಾಕು" ಎನ್ನುತ್ತಿದ್ದಳು. ಮೂರು ಸಲ ವಾರ್ನಿಷ್ ಬಿತ್ತು. ಕಾಗದ ಮತ್ತೆ ಸುತ್ತಿದರು. ಎರಡನೆಯ ಮೇಜಿನ ಹಲಗೆಯನ್ನು ಮೊದಲು ಒರಟು ಕಾಗದದಿಂದ, ಆಮೇಲೆ ನಯವಾದದ್ದರಿಂದ, ಕೊನೆಗೆ ಅದಕ್ಕಿಂತ ನಯವಾದದ್ದರಿಂದ ದಾಟಿಸಿದ ಮೇಲೆ ಯಂತ್ರ ನಿಂತಿತು. ಆ ಮೌನದಲ್ಲಿ ತಗಡಿನ ಡಬ್ಬಿಯ ಮುಚ್ಚಳ ತೆರೆದದ್ದು ಎಲ್ಲರಿಗೂ ಕೇಳಿಸಿತು.

ಅಕ್ಕ ರೇಷ್ಮೆಯನ್ನು ಒಮ್ಮೆ ಎಳೆದಳು. ಅದು ನೀರಿನ ಮೇಲೆ ಹೋದಂತೆ ಹೋಯಿತು. ಅನುಮಾನದಿಂದ ಇನ್ನೊಮ್ಮೆ, ಅಡ್ಡಲಾಗಿ. ಆಮೇಲೆ ನಾಲ್ಕನೆಯ ಬಿಲ್ಲೆಯ ಜಾಗದಲ್ಲಿ ಬೇಕೆಂದೇ ನಿಂತು, ಒತ್ತಿ, ಎಳೆದಳು. ಒಂದು ಎಳೆಯೂ ಸಿಕ್ಕಲಿಲ್ಲ. ಭಾವನಿಗೆ ಕೇಳುವ ಧೈರ್ಯವಿರಲಿಲ್ಲ. ಶಾಲೆಯ ಗೋಡೆಗೆ ಫಲಿತಾಂಶ ಅಂಟಿಸುವಾಗ ಹಿಂದೆ ನಿಂತ ಹುಡುಗನ ಮುಖ ಮಾಡಿಕೊಂಡು ನಿಂತಿದ್ದರು. ಅಕ್ಕ ರೇಷ್ಮೆಯನ್ನು ನಾಲ್ಕು ಮಡಿಕೆ ಮಡಿಸಿ, ಅವರ ಕೋಟಿನ ಎದೆಯ ಜೇಬಿಗೆ ಇಟ್ಟಳು.

"ಪಾಸಾದ್ರಿ. ಇನ್ನು ಇದು ನೀವೇ ಇಟ್ಕೊಳ್ಳಿ. ನನಗೇನು ಕೆಲಸ ಇದರಲ್ಲಿ?"

ನಗುತ್ತಲೇ ಅಂದಳು, ಆದರೆ ಕೊನೆಯ ಮಾತಿಗೆ ದನಿ ಒಂದು ನೂಲು ಇಳಿಯಿತು. ನನಗೆ ಅದು ಕೇಳಿಸಿತು ಎಂದು ನಾನು ಹೆಮ್ಮೆಪಡುವಷ್ಟರಲ್ಲಿ ಭಾವನಿಗೆ ಅದು ಮೊದಲೇ ಕೇಳಿಸಿಬಿಟ್ಟಿತ್ತು. ಅವರು ಜೇಬಿಗೆ ಕೈ ಹಾಕಿದರು. ಹನ್ನೊಂದರಲ್ಲಿ ಸರಿಯಾದ ಜೇಬಿಗೆ ಮೊದಲ ಸಲಕ್ಕೇ ಕೈ ಹೋದದ್ದು ಅವರ ಚರಿತ್ರೆಯಲ್ಲಿ ಅದೊಂದೇ. ರೇಷ್ಮೆಯನ್ನು ತೆಗೆದು ಅಕ್ಕನ ಅಂಗೈಯ ಮೇಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ, ನೋಯದಂತೆ, ಅದರ ಮೇಲೆ ಮಡಿಸಿದರು.

"ಉಜ್ಜೋದು ಅದು. ಒಪ್ಪೋದು ನೀನು. ನೀನು ಹೂಂ ಅನ್ನದೆ ಈ ಬಾಗಿಲಿಂದ ಒಂದು ಚೂರೂ ಆಚೆ ಹೋಗಲ್ಲ ಕಣೇ."

ಗ್ರಂಥಾಲಯದ ಮೇಜುಗಳು ಈಗ ತಮ್ಮ ಸ್ಥಾನದಲ್ಲಿವೆ. ಆರರಲ್ಲಿ ಯಾವುದು ಕೈಯಿಂದ ಉಜ್ಜಿದ್ದು ಎಂದು ನಾನು ಸವರಿ ಸವರಿ ನೋಡಿದೆ, ತಿಳಿಯಲಿಲ್ಲ. ಅಕ್ಕನಿಗೆ ಖಂಡಿತ ತಿಳಿಯುತ್ತದೆ, ಹೇಳುವುದಿಲ್ಲ. ಅವಳು ಈಗ ಲೋಟವನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ಮುಷ್ಟಿ ಪೂರ್ತಿ ಮುಚ್ಚುವುದಕ್ಕೆ ಇನ್ನೂ ಎಷ್ಟು ಬಾಕಿ ಎಂದು ಕೇಳಿದರೆ, ಅವಳ ಪರವಾಗಿ ಭಾವನೇ ಉತ್ತರ ಕೊಡುತ್ತಾರೆ, ಆ ಉತ್ತರ ಏನೆಂದು ನಾನು ಬರೆಯಬೇಕಾಗಿಲ್ಲ.

ಲೋಕದಲ್ಲಿ ಈ ಜಾತಿಯ ಮನುಷ್ಯರು ಬಹಳ ಮಂದಿಯಿದ್ದಾರೆ. "ನಿನ್ನ ಕೈ ನೋಯುವುದನ್ನು ನನ್ನಿಂದ ನೋಡಲಾಗುವುದಿಲ್ಲ" ಎಂಬ ಒಂದು ಸರಳವಾದ ವಾಕ್ಯ ಅವರ ಬಾಯಿಗೆ ಬರುವುದಿಲ್ಲ. ಅದನ್ನು ಹೇಳಲು ಅವರಿಗೆ ಮೋಟಾರು ಬೇಕು, ಬೆಲ್ಟು ಬೇಕು, ಇಪ್ಪತ್ತನಾಲ್ಕು ಬಿಲ್ಲೆಗಳು ಬೇಕು, ಅಷ್ಟೆಲ್ಲ ಸೇರಿಸಿ ಹೇಳಿದಾಗಲೂ ಮೊದಲ ಸಲ ಮಾತು ದಿಕ್ಕು ತಪ್ಪಿ ಎದುರಂಗಡಿಯ ಗೊಂಬೆಗೆ ಬಡಿಯುತ್ತದೆ. ಅಂಥವರನ್ನು ಕಟ್ಟಿಕೊಂಡವರು ಕಿವಿಯಿಂದ ಕೇಳುವುದನ್ನು ಬಿಟ್ಟು, ಕಣ್ಣು ಮುಚ್ಚಿ ಸವರಿ ತಿಳಿಯುವುದನ್ನು ಕಲಿತಿರುತ್ತಾರೆ. ಮೊನ್ನೆ ಸಂಜೆ ಅವರಿಬ್ಬರೂ ಬೀದಿಯಲ್ಲಿ ಹೋಗುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಭಾವ ಮುಂದೆ, ಅಕ್ಕ ಹತ್ತು ಹನ್ನೆರಡು ಅಡಿ ಹಿಂದೆ. ತಿರುವು ಬಂತು. ಭಾವ ಎಂದಿನಂತೆ ರಸ್ತೆಯ ನಡುವಿನವರೆಗೂ ಹೋಗಿ ಬಳಸಿಕೊಂಡು ಹೊರಳಿದರು. ಅಕ್ಕನೂ ಮೂಲೆ ಹಿಡಿಯಲಿಲ್ಲ, ಅವರ ಹಿಂದೆಯೇ, ಅಷ್ಟೇ ಅಗಲವಾಗಿ, ಕಾಣದ ಆ ಹಲಗೆಯ ಇನ್ನೊಂದು ತುದಿಯನ್ನು ತಾನು ಹೊತ್ತವಳ ಹಾಗೆ ಸುತ್ತಿ ನಡೆದಳು.